ಗೋಡೆಯಾಚೆಯ ತಾಳ

"ಕದ್ದೋನು ನಾನೇ ರೀ, ಅವ್ವಾ," ಎಂದು ಯೋಗರಾಜ್ ಹೊಸಿಲ ಬಳಿಯೇ ಹೇಳಿಬಿಟ್ಟ. ಒಳಗೆ ಹೋಗಿ ಕೂತರೆ ಧೈರ್ಯ ಉಳಿಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಹರಿಹರದಲ್ಲಿ ಮಗಳು ಅಂಬಿಕಾಳ ಮನೆಯಲ್ಲಿದ್ದ ರಂಗವ್ವ ಅವನನ್ನು ಪಿಳಿಪಿಳಿ ನೋಡಿದಳು. "ಯಾರಪ್ಪಾ ನೀನು? ಏನು ಕದ್ದಿ?"

"ನಿಮ್ಮ ಹಾಡಿನ ಧಾಟಿ."

ಹನ್ನೆರಡು ವರ್ಷದ ಹಿಂದಿನ ಮಾತು. ಆಗ ಯೋಗರಾಜ್ ಹೆಸರಿಲ್ಲದ ಸಂಗೀತ ನಿರ್ದೇಶಕ. ನೃತ್ಯರೂಪಕವೊಂದಕ್ಕೆ ಜನಪದ ಧಾಟಿ ಹುಡುಕುತ್ತ ಆನಗೋಡಿಗೆ ಹೋಗಿದ್ದ. ಮಧ್ಯಾಹ್ನ ಒಂದು ಮನೆಯ ಗೋಡೆಯಾಚೆ ಹೆಂಗಸಿನ ದನಿ ಕೇಳಿಸಿತು. ನಡುನಡುವೆ ಒನಕೆಯ ಮಂದ ಪೆಟ್ಟು. ಪದಗಳು ಸ್ಪಷ್ಟವಿರಲಿಲ್ಲ, ಅವನಿಗೆ ಅವು ಬೇಕಾಗಿಯೂ ಇರಲಿಲ್ಲ. ಮೊಬೈಲಿನಲ್ಲಿ ಹಿಡಿದುಕೊಂಡ. ಮನೆ ಯಾರದೆಂದು ದಾರಿಹೋಕನನ್ನು ಕೇಳಿದ.

"ರಂಗವ್ವಂದು. ಈಗ ಒಳಗೆ ಹೋಗಬ್ಯಾಡ್ರಿ."

ಯೋಗರಾಜನಿಗೆ ಅಷ್ಟೇ ಸಾಕಾಗಿತ್ತು. ಬಾಗಿಲು ತಟ್ಟಿದರೆ ಹೆಸರು ಹಂಚಿಕೊಳ್ಳಬೇಕಲ್ಲ!

ರೂಪಕ ಗೆದ್ದಿತು. ಅದೇ ಧಾಟಿ ಓಟ ಹೆಚ್ಚಿಸಿಕೊಂಡು ಸಿನಿಮಾಕ್ಕೆ ಹೋಯಿತು. ಒನಕೆಯ ಜಾಗಕ್ಕೆ ಡ್ರಮ್ ಬಂತು. ಆ ಪೆಟ್ಟಿಗೇ ಮದುವೆ ಮೆರವಣಿಗೆಗಳು, ಶಾಲೆಯ ವಾರ್ಷಿಕೋತ್ಸವಗಳು ಕುಣಿದವು. "ಈ ತಾಳ ಎಲ್ಲಿಂದ ಹೊಳೀತು ಸಾರ್?" ಎಂದವರಿಗೆಲ್ಲ ಯೋಗರಾಜ್ ಆಕಾಶ ತೋರಿಸುತ್ತಿದ್ದ. ತೋರಿಸಿದಾಗಲೆಲ್ಲ ನಾಚಿಕೆಯಿಂದ ಕಿವಿ ಬಿಸಿಯಾಗುತ್ತಿತ್ತು.

ಇವತ್ತು ಸಂಜೆ ದಾವಣಗೆರೆಯಲ್ಲಿ ಅವನಿಗೆ ಸನ್ಮಾನ. ಇನ್ನೊಮ್ಮೆ ಆ ಸುಳ್ಳು ಹೇಳಲಾರೆ ಅನ್ನಿಸಿ ಆನಗೋಡಿನಲ್ಲಿ ವಿಚಾರಿಸಿಕೊಂಡು ಇಲ್ಲಿಗೆ ಬಂದಿದ್ದ. ಅದು ಯಾವ ಸಿನಿಮಾದ ಹಾಡಾಯಿತೆಂದು ಈಗ ಹೇಳಿದ.

"ಓ, ಆ ಹಾಡಾ?" ಅಂಬಿಕಾ ಮುಖ ಗಂಟಿಕ್ಕಿದಳು. "ಮದುವಿ ಮನ್ಯಾಗ ಅದು ಶುರುವಾದ್ರೆ ನಮ್ಮವ್ವ ಊಟ ಬಿಟ್ಟು ಎದ್ದು ಹೋಗ್ತಾಳ್ರಿ."

ಸಿಟ್ಟಾಗದೆ ಇರುತ್ತದೆಯೇ ಎಂದು ಯೋಗರಾಜ್ ತಲೆ ತಗ್ಗಿಸಿದ. "ಸಂಜೆಗೆ ಕಾರು ಕಳಿಸ್ತೀನಿ, ಬರ್ರಿ. ಶಾಲು ನಿಮಗೇ. ಎಲ್ಲರ ಮುಂದೆ ನಿಮ್ಮ ಹೆಸರು ಹೇಳ್ತೀನಿ."

"ಬ್ಯಾಡಪ್ಪಾ. ಅದಕ್ಕ ನನ್ನ ಹೆಸರು ಹಚ್ಚಬ್ಯಾಡ."

ಎಂಥ ದೊಡ್ಡ ಮನಸ್ಸು ಎಂದುಕೊಂಡ. ಕಣ್ಣು ತುಂಬಿ ಬಂತು. ಕಿಸೆಯಿಂದ ಭಾಷಣದ ಹಾಳೆ ತೆಗೆದು ಪೆನ್ನು ಹಿಡಿದ. "ಹಂಗಂದ್ರೆ ಹೆಂಗವ್ವಾ? ಹೇಳ್ರಿ, ಅವತ್ತು ಒನಕೆ ಹಿಡಿದು ಏನು ಕುಟ್ತಿದ್ರಿ? ಭತ್ತನೋ, ರಾಗಿನೋ?"

"ಒನಕೆ ಎಲ್ಲೀದಪ್ಪಾ," ಎಂದಳು ರಂಗವ್ವ, "ಮಗ ಮಾರುತಿ ಸತ್ತು ಮೂರನೇ ದಿನ ಅದು, ಹಾಡ್ಯಾಡಿ ಅಳ್ತಾ ಎದಿ ಬಡ್ಕೊಳ್ತಿದ್ದೆ."