ಪಾಂಫಿಲನ ಚಾಕು

“ಸೀಮೆಎಣ್ಣೆ ದಾಟಿ ತಾಮ್ರ ಬರುತ್ತಾ? ಎಣ್ಣೆ, ಹುಳಿ ಸೇರಿಸಿ ಸಲಾಡ್ ಮಾಡ್ತಿದ್ದೀಯೇನೇ?” ಪಾಂಫಿಲ್ ನಕ್ಕ. ರೊಮೇನಿಯಾದ ಒಂದು ಬೆಟ್ಟದ ಗಣಿಯಲ್ಲಿ ಮೂವತ್ತು ವರ್ಷ ತಾಮ್ರ ಅಗೆದವನು. ಅವನು ಒಪ್ಪದೆ ಹಳ್ಳಿಯವರು ಗಣಿನೀರಿನಿಂದ ತಾಮ್ರ ತೆಗೆಯುವ ಸಂಶೋಧಕಿ ಸ್ಮರಾಂಡಾಳ ಯಂತ್ರಕ್ಕೆ ಹೊಳೆದಂಡೆಯಲ್ಲಿ ಜಾಗ ಕೊಡುತ್ತಿರಲಿಲ್ಲ.

ಅವಳು ಮಾದರಿಗೆಂದು ತಂದಿದ್ದ ಗಾಜಿನ ತೊಟ್ಟಿಯ ನಡುವೆ ಗಿಡ್ಡ ಗೋಡೆ. ಒಂದು ಬದಿ ಹೊಳೆಯನ್ನು ಕೆಡಿಸಿದ್ದ ಗಣಿನೀರು, ಇನ್ನೊಂದು ಬದಿ ತಿಳಿಯಾದ ಆಮ್ಲ. ಎರಡರ ಮೇಲೂ ತಾಮ್ರವನ್ನು ಹೊತ್ತು ದಾಟಿಸುವ ರಾಸಾಯನಿಕ ಬೆರೆಸಿದ ಸೀಮೆಎಣ್ಣೆಯ ಪದರ. ಮಧ್ಯಾಹ್ನದ ಹೊತ್ತಿಗೆ ಆಮ್ಲ ನೀಲಿಗಟ್ಟಿತು.

“ಬಣ್ಣ ಹಾಕಿದ್ದೀಯ, ಕಳ್ಳಿ!”

“ನೀವೇ ಪರೀಕ್ಷೆ ಮಾಡಿ, ಮಾವ.” ಅವಳು ಆ ನೀಲಿಯನ್ನು ಬಟ್ಟಲಿಗೆ ತೆಗೆದುಕೊಟ್ಟಳು.

ಪಾಂಫಿಲ್ ಜೇಬಿನ ಚಾಕು ಬಿಚ್ಚಿ ಅದ್ದಿದ. ಹೊರತೆಗೆದಾಗ ಉಕ್ಕಿನ ಅಲಗು ಕೆಂಪಗೆ ಹೊಳೆಯುತ್ತಿತ್ತು. ಗಣಿಯವನಿಗೆ ತಾಮ್ರದ ಆ ಕೆಂಪನ್ನು ಯಾರೂ ಪರಿಚಯಿಸಬೇಕಿರಲಿಲ್ಲ. ತನ್ನ ಟೋಪಿ ತೆಗೆದು ಅವಳ ತಲೆಗೇ ಇಟ್ಟ.

“ನಮ್ಮ ಹಿತ್ತಿಲು ಹೊಳೆಗೇ ತಾಗಿದೆ ಕಣೇ. ನಡಿ, ಜಾಗ ತೋರಿಸ್ತೀನಿ!”