ಮಣ್ಣು, ಕೀಟ, ಹೃದ್ರೋಗ

ಸತ್ತ ಕೀಟಗಳನ್ನು ಚುಚ್ಚಿಟ್ಟ ಗಾಜಿನ ಮುಚ್ಚಳದ ಪೆಟ್ಟಿಗೆ ತೆರೆದಾಗಲೆಲ್ಲ ಶಾಂಭವಿಗೆ ಅಮ್ಮನ ಟ್ರಂಕಿನ ನುಸಿಗುಳಿಗೆಯ ವಾಸನೆ ನೆನಪಾಗುತ್ತಿತ್ತು. ಇಂದು ಅದೇ ಪೆಟ್ಟಿಗೆಯನ್ನು ಎತ್ತಿ ಪ್ರೊಫೆಸರರ ತಲೆಗೆ ಅಪ್ಪಳಿಸಿದಳು. ಗಾಜು ಒಡೆದು ರಕ್ತ ಚಿಮ್ಮಿತು.

"ಐದು ವರ್ಷ ಗದ್ದೇಲಿ ಹುಳ ಹಿಡಿದೋಳು ನಾನು! ಸಂಶೋಧನಾ ಲೇಖನದಲ್ಲಿ ನನ್ನ ಹೆಸರೆಲ್ಲಿ?"

ನೆಲಕ್ಕೆ ಬಿದ್ದವರು ನರಳುತ್ತಲೇ ನಕ್ಕರು. "ನನ್ನ ಹೆಸರಿದೆ ಅಂತಲೇ ಕಣೇ ಸಾವಿರ ಜನ ಅದನ್ನ ಉಲ್ಲೇಖಿಸಿದ್ದು. ಮಣ್ಣು, ಕೀಟ, ಹೃದ್ರೋಗ, ಮೂರರಲ್ಲೂ ನಾನೇ ದೊಡ್ಡೋನು. ನಿನ್ನನ್ನ ಯಾರು ನಂಬ್ತಾರೆ?"

ಅವಳು ಗಾಜಿನ ಚೂರನ್ನು ಅವರ ಕುತ್ತಿಗೆಗೆ ಒತ್ತಿದಳು. ಅಷ್ಟರಲ್ಲಿ ಮಧ್ಯಾಹ್ನದ ಊಟ ತಂದ ಅವರ ಹೆಂಡತಿ ಬಾಗಿಲಲ್ಲಿ ನಿಂತರು.

"ಹಿಡ್ಕೊಳೇ ಇವಳನ್ನ!" ಪ್ರೊಫೆಸರರು ಹೆಂಡತಿಗೆ ಕೂಗಿದರು.

ಆಕೆ ಶಾಂಭವಿಯ ಬೆರಳುಗಳಿಂದ ಚೂರನ್ನು ನಿಧಾನವಾಗಿ ಬಿಡಿಸಿದರು. "ಕೀಟದ ಲೇಖನ ನಿಂದಾ ಮಗಳೇ? ಮಣ್ಣಿನದು ನಂದು," ಎಂದು, ಗಂಡನ ಊಟದ ಕ್ಯಾರಿಯರನ್ನು ಆ ಕೈಗೇ ಕೊಟ್ಟರು.