ಮೊದಲ ಪ್ರತಿ

ತನ್ನ ಎಂಟು ಹಾಡುಗಳ ಧ್ವನಿಮುದ್ರಣ ಮುಗಿದ ದಿನವೇ ಇಂದುಮತಿ ಮೊದಲ ಪ್ರತಿಯನ್ನು ಗುರುಗಳ ಪಾದದ ಬಳಿ ಇಟ್ಟಿದ್ದಳು. ಅವರ ಸಂಗೀತ ಘರಾಣೆಯ ಪದ್ಧತಿ ಅದು. ಗುರುಗಳು ಕಣ್ಣು ಮುಚ್ಚಿ ಎಲ್ಲವನ್ನೂ ಕೇಳಿದ್ದರು.

"ಮೂರನೇ ಹಾಡಿನಾಗ ನಿಷಾದ ಸ್ವರ ಇಳದದ ತಂಗಿ. ಹಿಂಗ ಹೊರಗ ಹೋಗಬಾರದು, ತಿದ್ದಿ ಹಾಡು. ಈ ಪ್ರತಿ ನನ್ನ ಕಡೆನ ಇರಲಿ."

ಅವಳು ನಾಚಿ, ಮರುದಿನವೇ ತಿದ್ದಿ ಹಾಡಿ, ಸ್ಟುಡಿಯೋದಲ್ಲಿದ್ದ ಹಳೆಯದನ್ನು ಎದುರಿಗೇ ನಿಂತು ಅಳಿಸಿಸಿದ್ದಳು. ಹಳೆಯದು ಉಳಿದದ್ದು ಗುರುಗಳ ಬಳಿಯ ಪ್ರತಿಯಲ್ಲಿ ಮಾತ್ರ.

ಈಗ ಬಿಡುಗಡೆಗೆ ಎರಡು ದಿನ ಇರುವಾಗಲೇ ಎಂಟೂ ಹಾಡುಗಳು ಊರ ಮಂದಿಯ ಮೊಬೈಲಿನಲ್ಲಿದ್ದವು.

"ಇನ್ನ ಯಾರು ಕೊಂಡು ಕೇಳ್ತಾರ್ರಿ ಅಕ್ಕಾರ? ನನ್ನ ಕಂಪನಿ ಮುಳುಗಿತು," ಎಂದ ಹಾಡುಗಳನ್ನು ಹೊರತರುತ್ತಿದ್ದ ಕಂಪನಿಯ ಮಾಲೀಕ. "ಇದು ರೆಕಾರ್ಡಿಂಗ್ ಮಾಡಿದ ಫಕೀರಪ್ಪಂದ ಕೆಲಸ. ದೂರು ಬರದೇನಿ, ಸಹಿ ಹಾಕ್ರಿ."

"ನನ್ನ ಮಕ್ಕಳಾಣೆ, ನಾ ಯಾರಿಗೂ ಕೊಟ್ಟಿಲ್ರಿ," ಎಂದ ಬಾಗಿಲ ಬಳಿ ನಿಂತಿದ್ದ ಫಕೀರಪ್ಪ.

"ಉಂಡ ಮನೀಗೆ ಎರಡು ಬಗದಿ ನೀ," ಎಂದು ಇಂದುಮತಿ ಸಹಿ ಹಾಕಿದಳು. "ಹಚ್ಚರಿ, ನಾನೂ ಕೇಳ್ತೀನಿ."

ಮಾಲೀಕ ತನ್ನ ಮೊಬೈಲಿಗೆ ಬಂದಿದ್ದ ಹಾಡುಗಳನ್ನು ಹಚ್ಚಿದ. ಎರಡು ಮುಗಿದು ಮೂರನೆಯದು ಬಂತು.

ನಿಷಾದ ಇಳಿದಿತ್ತು.